ದಾಟಬಾರದ ಕೋಲು

ಬೇಸಿಗೆ ಮುಗಿದು ಬೋಟುಗಳೆಲ್ಲ ದಡ ಸೇರಿದ ಮೇಲೆ, ಮಾವ, ಮಗ, ಸೊಸೆ ಮೂವರೂ ಕಡಲು ಬಿಟ್ಟು ದೂರದ ಬೆಟ್ಟದೂರಿಗೆ ಹೋದರು. ಮೇಲಿನ ಹೊಳೆಯಲ್ಲಿ ಟ್ರೌಟ್ ಮೀನು ಸಿಗುತ್ತದೆಂದು ಕೇಳಿದ್ದೇ ತಡ, ಮಾವ ಗಾಳದ ಕೋಲುಗಳನ್ನು ಬಾಡಿಗೆಗೆ ತಂದರು. ಸೊಸೆ ಅಡುಗೆಯ ಚೀಲವನ್ನು ಬೆನ್ನಿಗೇರಿಸಿ ಅವರಿಗಿಂತ ಮೊದಲೇ ಬೆಟ್ಟ ಹತ್ತಿದಳು.

ಹೊಳೆಯ ದಂಡೆಯಲ್ಲಿ ಮಾವ ಕೋಲುಗಳನ್ನು ಹುಲ್ಲಿನ ಮೇಲೆ ಸಾಲಾಗಿ ಇಟ್ಟರು.

“ವಾರಿಜಾ, ಆಚೆಯಿಂದ ಸುತ್ತಿ ಹೋಗು. ಹೆಂಗಸರು ಬಲೆ ದಾಟಿದ್ರೆ ಮೀನು ಬೀಳುದಿಲ್ಲ, ಗೊತ್ತುಂಟಲ್ಲ?”

“ಇದು ಬಲೆಯಲ್ಲ ಮಾವ, ಗಾಳ.”

“ಎರಡೂ ಒಂದೇ. ಇವತ್ತು ಮೀನು ಸಿಗದಿದ್ರೆ ಮುಂದಿನ ವರ್ಷ ನೀನು ಮನೆಯಲ್ಲೇ ಇರು.”

“ಸಿಕ್ಕಿದ್ರೆ ನನಗೂ ಒಂದು ಕೋಲು ಕೊಡ್ಬೇಕು.”

“ಆಯ್ತು ಮಾರಾಯ್ತಿ, ಮೊದಲು ಸಿಗಲಿ.”

ಅಪ್ಪ ಮಗ ಇಬ್ಬರೂ ಎರೆಹುಳ ಅಗೆಯಲು ಮರಗಳ ಕಡೆಗೆ ಹೋದರು.

ಆ ದಿನ ಗಾಳ ಹಾಕಿದಲ್ಲೆಲ್ಲ ಮೀನು ಕಚ್ಚಿತು. ಸಂಜೆ ಸೊಸೆ ಕಲ್ಲು ಹೂಡಿ ಒಲೆ ಹಚ್ಚಿದಳು. ಊರಿಂದ ತಂದ ಮಸಾಲೆ ಸವರಿ, ಕಾವಲಿಯ ತುಂಬ ಮೀನು ಹುರಿದಳು.

ಮಾವ ಮುಳ್ಳು ಬಿಡಿಸುತ್ತ ನಕ್ಕರು. “ಕಂಡ್ಯಾ? ನೀನು ಸುತ್ತಿ ಹೋದದ್ದಕ್ಕೇ ಇಷ್ಟು ಬಿದ್ದದ್ದು. ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಇನ್ನು ಕೋಲಿನ ಮಾತು ಎತ್ತಬೇಡ.”

ಸೊಸೆ ಎಲ್ಲಕ್ಕಿಂತ ದೊಡ್ಡ ಮೀನನ್ನು ತನ್ನ ತಟ್ಟೆಗೇ ಹಾಕಿಕೊಂಡಳು.

“ನೀವು ಎರೆಹುಳ ಅಗೆಯುವಾಗ ಆ ಕೋಲುಗಳನ್ನೆಲ್ಲ ದಾಟಿದ್ದೆ ಮಾವ. ಹೋಗುವಾಗ ಒಂದ್ಸಲ, ಬರುವಾಗ ಒಂದ್ಸಲ.”