ಉಳಿಸಿಕೊಂಡ ನೆನಪು

ತಿಂಗಳ ಮೊದಲ ಸೋಮವಾರ ದವಾಖಾನೆಯಲ್ಲಿ ಮರೆವಿನ ಚೀಟಿ ಕೊಡುತ್ತಾರೆ. ಮಿದುಳಿನಲ್ಲಿ ಪ್ರೋಟೀನು ಎಲ್ಲಿ ಗಂಟು ಕಟ್ಟುತ್ತಿದೆ, ಈ ತಿಂಗಳು ಯಾವ ನೆನಪು ಅದರಡಿ ಮುಚ್ಚಿಹೋಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಔಷಧಿ ಸಿಗುವುದು ಒಂದು ಗಂಟು ಕರಗಿಸುವಷ್ಟೇ.

ನೇಕಾರ ಮುರಿಗೆಪ್ಪನ ಚೀಟಿಯಲ್ಲಿ ಈ ಸಲ ಎರಡು ಸಾಲಿದ್ದವು: ಹೆಂಡತಿಯ ಮುಖ, ಮಗಳ ಸಾವು.

“ನನ್ನ ಮಾರಿ ನೆನಪಿರ್ಲಿ,” ಎಂದಳು ಹೆಂಡತಿ ನೀಲವ್ವ. “ಗೌರಿ ಹೋಗಿದ್ದು ಮರತ್ರ ನಿಮ್ಮ ಜೀವಕ್ಕೂ ಹಗುರ ಆಗ್ತೈತಿ.”

ಮುರಿಗೆಪ್ಪ ಒಪ್ಪಲಿಲ್ಲ. “ಅದನ್ನ ಮರತ್ರ ನಾ ದಿನಾ ಗೌರಿ ಎಲ್ಲಿ ಅಂತ ಕೇಳ್ತೀನಿ. ದಿನಾ ನೀನ ಹೇಳಬೇಕಾಗ್ತೈತಿ. ಆ ಕೆಲಸ ನಿನಗ ಬ್ಯಾಡ.”

ನರ್ಸು ‘ಮಗಳ ಸಾವು’ ಎಂಬಲ್ಲಿ ಗುರುತು ಹಾಕಿಕೊಂಡು ಇಂಜೆಕ್ಷನ್ ಕೊಟ್ಟಳು.

ಅಮಾವಾಸ್ಯೆಯ ಹೊತ್ತಿಗೆ ನೀಲವ್ವನ ಮುಖ ಅವನ ನೆನಪಿನಿಂದ ಅಳಿಸಿಹೋಯಿತು. ಪರ ಹೆಂಗಸಿನ ಮನೆಯೆಂದು ಈಗ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಾನೆ. ದಿನಾ ಬೆಳಿಗ್ಗೆ ಮುಖ ತೊಳೆದು ಬಾಗಿಲಿಗೆ ಬರುತ್ತಾನೆ. ಒಳಗೆ ಅವಳು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿರುತ್ತಾಳೆ. ಒಳಗೆ ಕರೆದರೂ ಅವನು ಬರುವುದಿಲ್ಲ. ಸಾವಿನ ಸುದ್ದಿ ತಂದವರು ಹೊಸ್ತಿಲು ದಾಟಬಾರದೆಂಬ ರೂಢಿ ಅವನಿಗಿನ್ನೂ ಮರೆತಿಲ್ಲ.

“ಯವ್ವಾ, ನೀಲವ್ವ ಅಂತ ನನ್ನ ಹೇಣ್ತಿ ಇದ್ದಾಳ್ರಿ. ಎಲ್ಲಿ ಹೋಗ್ಯಾಳೋ, ಸಿಗವಲ್ಲಳು. ಕಂಡ್ರ ಮೆಲ್ಲಕ ಹೇಳ್ರಿ, ನಮ್ಮ ಗೌರಿ ತೀರಿಕೊಂಡ್ಳು.”

ನೀಲವ್ವ ನೂಲು ಬಿಟ್ಟು ಎದ್ದು, ಹೊಸ್ತಿಲಾಚೆ ಒಂದು ತಂಬಿಗೆ ನೀರಿಡುತ್ತಾಳೆ.

“ಹೇಳ್ತೀನ್ರಿ.”