ನಾಲ್ಕು ಕುಂಡ

ಪಾರ್ಶ್ವವಾಯು ಬಡಿದು ಗಂಡನ ಮಾತು ನಿಂತು ಎಂಟು ತಿಂಗಳಾಗಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಡಾಕ್ಟರಮ್ಮ ನೀಲವ್ವನಿಗೆ ಹೇಳಿದರು: "ಕೋಣ್ಯಾಗ ನಾಕು ಗಿಡ ಇಡ್ರಿ. ಹಸರು ನೋಡಿದ್ರ ಅವರ ಜೀವಕ್ಕ ಹಗರ ಅನಸ್ತೇತಿ."

ನೀಲವ್ವ ನಾಲ್ಕು ಕುಂಡ ತಂದು ಹಾಸಿಗೆಯ ಎದುರಿಗಿಟ್ಟಳು. ಗಂಡ ದಿನವಿಡೀ ಅವುಗಳನ್ನೇ ನೋಡುತ್ತ ಮಲಗಿರುತ್ತಿದ್ದ. ಅವಳ ಪಾಲಿಗೆ ಬಂದದ್ದು ಸೊಳ್ಳೆ, ಇರುವೆ, ಮತ್ತೆ ಮತ್ತೆ ಒರೆಸಬೇಕಾದ ನೆಲ.

ತಿಂಗಳು ಕಳೆಯುವುದರೊಳಗೆ ಮೂರು ಗಿಡ ಕೊಳೆತವು. ನಾಲ್ಕನೆಯದೂ ಹಳದಿಯಾದ ಬೆಳಿಗ್ಗೆ ಅವಳ ತಾಳ್ಮೆ ಕೆಟ್ಟಿತು.

"ದಿನಾ ಎರಡ ಹೊತ್ತು ತಂಬಿಗಿ ತುಂಬ ನೀರ ಹಾಕೇನಿ. ನಾ ಚಾ ಕುಡಿಯೂದು ಮರತರೂ ಇವನ್ನ ಮರತಿಲ್ಲ. ಒಂದರೆ ಚಿಗತದೇನ? ನಿಮ್ಮಂಗ ಇವೂ ಹಠ ಹಿಡದಾವು! ಇನ್ನ ಏನ ಮಾಡ್ಲಿ ನಾ, ಹೇಳ್ರಿ!"

ಕೊನೆಯ ಕುಂಡವನ್ನು ಎತ್ತಿಕೊಂಡು, ಹೊರಗೆ ಎಸೆಯಲೆಂದು ಬಾಗಿಲ ತನಕ ಹೋದಳು.

ಹಾಸಿಗೆಯಿಂದ ತೊದಲುವ, ಸಿಡುಕಿನ ದನಿಯೊಂದು ಕೇಳಿಸಿತು:

"ನೀರು... ಭಾಳ... ಹಾಕ್ತಿ ನೀ."