ಹನ್ನೆರಡು ಪಾಯಿಂಟ್ ನಾಲ್ಕು

ಮಗಳ ರಕ್ತದ ವರದಿ ಫೋನಿನಲ್ಲಿ ತೆರೆದುಕೊಂಡದ್ದೇ ಟೋರ್ಕೆಲ್ ಕುರ್ಚಿಯಿಂದ ದಡಕ್ಕನೆ ಎದ್ದ. ಮೊದಲ ಸಾಲಿನಲ್ಲೇ ಇತ್ತು: ಹಿಮೋಗ್ಲೋಬಿನ್ 12.4. ಹೋದ ವರ್ಷ ಸ್ವೀಡನ್ನಿನಲ್ಲಿದ್ದಾಗ ಇದೇ ಸಿಗ್ನೆಗೆ ನೂರಿಪ್ಪತ್ತೆರಡು ಇತ್ತು.

"ಇಂಗ್ವಿಲ್ಡ್, ಮಗೂಗೆ ರಕ್ತಾನೇ ಇಲ್ಲ ಕಣೇ!"

ಕಾದ ಅಚ್ಚಿಗೆ ವಾಫಲ್ ಹಿಟ್ಟು ಹುಯ್ಯುತ್ತಿದ್ದ ಹೆಂಡತಿ ತಿರುಗಿದಳು. ಏಳು ವರ್ಷದ ಸಿಗ್ನೆ ಎರಡು ವಾರದಿಂದ ಸುಸ್ತು ಸುಸ್ತು ಎನ್ನುತ್ತಿದ್ದಳು. ಕಾಲ ತುಂಬ ನೀಲಿ ಗುರುತು. ಹಿಮದಲ್ಲಿ ಜಾರಾಡಿ ಬಿದ್ದಿರಬೇಕು ಎಂದುಕೊಂಡೇ ನಿನ್ನೆ ಪರೀಕ್ಷೆಗೆ ರಕ್ತ ಕೊಡಿಸಿ ಬಂದಿದ್ದರು. ಇವತ್ತು ಶನಿವಾರ, ಕ್ಲಿನಿಕ್ಕಿಗೆ ಬೀಗ.

"ಹತ್ತರಲ್ಲಿ ಒಂದು ಪಾಲು ಉಳಿದಿದೆ ಅಷ್ಟೇ. ಕೋಟು ಹಾಕ್ಕೋ, ದೊಡ್ಡಾಸ್ಪತ್ರೆಗೆ ಹೋಗೋಣ." ಅವನು ಒಂದು ಬೂಟು ಹಾಕಿಕೊಂಡ. ಇನ್ನೊಂದನ್ನು ಹುಡುಕತೊಡಗಿದ.

ಇಂಗ್ವಿಲ್ಡ್ ಫೋನು ಕಸಿದುಕೊಂಡು ನೋಡಿದಳು. ಮರುಕ್ಷಣ ಗೊಳ್ಳೆಂದು ನಕ್ಕಳು.

"ಅಯ್ಯೋ ನನ್ನ ಸ್ವೀಡನ್ ದೊರೆಯೇ! ನಿಮ್ಮಲ್ಲಿ ಒಂದು ಲೀಟರ್ ರಕ್ತಕ್ಕೆ ಲೆಕ್ಕ. ನಮ್ಮ ನಾರ್ವೇಲಿ ಅದರ ಹತ್ತನೇ ಒಂದು ಭಾಗಕ್ಕೆ. ಇದು ನಿಮ್ಮ ನೂರಿಪ್ಪತ್ನಾಲ್ಕೇ. ನಿಮ್ಮೋರಿಗೆ ಎಲ್ಲಾನೂ ಹತ್ತು ಪಟ್ಟು ದೊಡ್ಡದಾಗಿ ಕಾಣ್ಬೇಕು, ಅಲ್ವಾ?"

"ನಿಜವಾಗ್ಲೂ?"

"ಏನಾದ್ರೂ ಹೆಚ್ಚುಕಮ್ಮಿ ಇದ್ದಿದ್ರೆ ಅಂಕಿ ಪಕ್ಕ ನಕ್ಷತ್ರ ಹಾಕಿರ್ತಾರೆ. ಎಲ್ಲಿದೆ ತೋರ್ಸು ನಕ್ಷತ್ರ?"

ಇರಲಿಲ್ಲ. ಟೋರ್ಕೆಲ್ ಒಂಟಿ ಬೂಟಿನಲ್ಲೇ ನೆಲಕ್ಕೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳು ವಾಫಲ್ ಮೇಲೆ ಕಂದು ಚೀಸಿನ ತುಂಡಿಟ್ಟು ಅವನ ಬಾಯಿಗೆ ತುರುಕಿದಳು. "ತಿನ್ನು. ರಕ್ತ ಬತ್ತಿರೋದು ನಿನ್ನ ಮುಖದಲ್ಲಿ."

ನಗು ಕೇಳಿ ಸಿಗ್ನೆ ಕಂಬಳಿ ಎಳೆದುಕೊಂಡೇ ಅಡುಗೆಮನೆಗೆ ಬಂದಳು. ಮೇಜಿನ ಮೇಲಿದ್ದ ಫೋನನ್ನು ಕೈಗೆತ್ತಿಕೊಂಡಳು. ಅಪ್ಪ ಅಮ್ಮ ಇಬ್ಬರೂ ಮೊದಲ ಸಾಲು ದಾಟಿರಲಿಲ್ಲ. ಅವಳ ಬೆರಳು ಕೆಳಕ್ಕೆ ಜಾರಿತು.

"ಇಲ್ಲಿದೆ ನಕ್ಷತ್ರ! ಒಂದು, ಎರಡು, ಮೂರು..."

ನಗು ನಿಂತಿತು. ಅಚ್ಚಿನಲ್ಲಿ ವಾಫಲ್ ಸೀಯತೊಡಗಿತು.

"...ಆರು! ನೋಡಮ್ಮಾ," ಮಗು ಫೋನನ್ನು ಮೇಲೆತ್ತಿ ಹಿಡಿಯಿತು, "ನಮ್ಮ ಟೀಚರ್ ಯಾವತ್ತೂ ನಂಗೆ ಇಷ್ಟೊಂದು ಕೊಟ್ಟೇ ಇಲ್ಲ."